ಬೈಕಿಗೆ ವಿಮೆಯಿದೆ, ಸವಾರನಿಗಿಲ್ಲ

ನನ್ನ ಕಚೇರಿಗೆ ಬರುವ ಅಪಘಾತದ ಕಕ್ಷಿದಾರರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ಸುಕ್ಕುಗಟ್ಟಿದ ಔಷಧದ ಬಿಲ್ಲುಗಳು, ಮೊಣಕಾಲಿನ ಕೆಳಗೆ ಮೂಳೆಯೊಳಗೆ ರಾಡು ಹಾಯ್ದಿರುವ ಎಕ್ಸ್‌ರೇ, ಆರ್.ಸಿ. ಕಾರ್ಡು ಮತ್ತು ವಿಮಾ ಪಾಲಿಸಿಯ ಜೆರಾಕ್ಸ್. ಕವರನ್ನು ಮೇಜಿನ ಮೇಲಿಟ್ಟು ಅವರು ಆಡುವ ಮೊದಲ ಮಾತೂ ಬಹುತೇಕ ಒಂದೇ: "ಇನ್ಶೂರೆನ್ಸ್ ಚಾಲ್ತಿಯಲ್ಲಿದೆ ಸಾರ್, ಅದರದ್ದೇನೂ ತೊಂದರೆಯಿಲ್ಲ."

ಟೈಲ್ಸ್ ಹಾಕುವ ಕೆಲಸದ ಯುವಕನೊಬ್ಬ ಹೀಗೆಯೇ ಬಂದಿದ್ದ. ರಾತ್ರಿ ಕೆಲಸ ಮುಗಿಸಿ ಊರಿಗೆ ಹೋಗುವಾಗ ನಾಯಿ ಅಡ್ಡ ಬಂತು, ಬ್ರೇಕ್ ಹಿಡಿದ, ರಸ್ತೆಯಂಚಿನ ಜಲ್ಲಿಯ ಮೇಲೆ ಗಾಡಿ ಜಾರಿತು. ಕಾಲು ಮುರಿದು ಆಪರೇಷನ್ ಆಯಿತು, ತಿಂಗಳುಗಟ್ಟಲೆ ಕೆಲಸವಿಲ್ಲ, ಆಸ್ಪತ್ರೆಯ ಖರ್ಚಿಗೆ ಹೆಂಡತಿ ಸಂಘದಲ್ಲಿ ಸಾಲ ಎತ್ತಿದ್ದಳು. ಪಾಲಿಸಿ ನಿಜಕ್ಕೂ ಚಾಲ್ತಿಯಲ್ಲಿತ್ತು. ಆದರೆ ಆ ಪಾಲಿಸಿಯಿಂದ ಅವನಿಗೆ ಒಂದು ರೂಪಾಯಿಯೂ ಬರುವುದಿಲ್ಲ ಎಂಬುದನ್ನು ಅವನಿಗೆ ಮನವರಿಕೆ ಮಾಡಿಸಲು ನನ್ನಿಂದಾಗಲಿಲ್ಲ. ಇನ್ನಿಬ್ಬರು ವಕೀಲರನ್ನು ಕೇಳಿಕೊಂಡು ಬಂದ ಮೇಲೆಯೇ ಅವನು ನಂಬಿದ್ದು.

ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು. ಇಲ್ಲಿ ಮೊದಲನೆಯ ಪಕ್ಷ ಗಾಡಿಯ ಮಾಲೀಕ, ಎರಡನೆಯದು ವಿಮಾ ಕಂಪನಿ. ಮೂರನೆಯ ಪಕ್ಷವೆಂದರೆ ಆ ಗಾಡಿಯಿಂದ ಪೆಟ್ಟು ತಿನ್ನುವ ಹೊರಗಿನವನು, ಅಂದರೆ ರಸ್ತೆ ದಾಟುತ್ತಿದ್ದ ಅಜ್ಜಿ, ಸೈಕಲ್ಲಿನ ಹುಡುಗ, ಎದುರಿನ ಬೈಕಿನವನು. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿವರೆಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿ, 150ರಿಂದ 350 ಸಿಸಿವರೆಗೆ 1,366 ರೂಪಾಯಿ. ಈ ಹಣಕ್ಕೆ ಕಂಪನಿ ಹೊರುವ ಹೊಣೆ ಸಣ್ಣದೇನಲ್ಲ. ಹೊರಗಿನವನ ಸಾವು ನೋವಿಗೆ ಕೊಡಬೇಕಾದ ಪರಿಹಾರಕ್ಕೆ ಮಿತಿಯೇ ಇಲ್ಲ. ಆದರೆ ಆ ಹೊಣೆ ಮಾಲೀಕನ ಪರವಾಗಿ ಬೇರೆಯವರಿಗೆ ಕೊಡುವ ಹೊಣೆ. ಹ್ಯಾಂಡಲ್ ಹಿಡಿದು ಕೂತ ಮಾಲೀಕ ತಾನೇ ಬಿದ್ದರೆ ಅವನು ಯಾರ ಮೇಲೆ ದಾವೆ ಹೂಡಬೇಕು? ತನ್ನ ಮೇಲೆ ತಾನು ದಾವೆ ಹೂಡಲಾಗದು.

ಕಾರಿನವರಿಗೂ ಇದೇ ಕಾನೂನು. ಆದರೆ ಕಾರು ಜಾರಿದರೆ ಬಂಪರ್ ಹೋಗುತ್ತದೆ, ಬೈಕು ಜಾರಿದರೆ ಮೂಳೆ ಹೋಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿ ಇದ್ದವರು. ಅತಿ ಹೆಚ್ಚು ಪೆಟ್ಟು ತಿನ್ನುವವರೇ ಅತಿ ಕಡಿಮೆ ರಕ್ಷಣೆಯ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ ಎಂಬುದು ನನ್ನ ವೃತ್ತಿ ನನಗೆ ದಿನವೂ ತೋರಿಸುವ ಸಂಗತಿ.

ಎರವಲು ಬೈಕಿನ ವಿಷಯದಲ್ಲಿ ಕಾನೂನು ಇನ್ನೂ ಕಠಿಣ. ನಮ್ಮ ಇಳಕಲ್–ಕುಷ್ಟಗಿ ರಸ್ತೆಯಲ್ಲಿ ನಡೆದ ಅಪಘಾತವೊಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಪರಿಚಯದವರ ಬೈಕು ಪಡೆದು ಊರಿಗೆ ಹೊರಟಿದ್ದ ವ್ಯಕ್ತಿ, ಕಬ್ಬಿಣದ ಶೀಟು ಹೇರಿಕೊಂಡು ಮುಂದೆ ಹೋಗುತ್ತಿದ್ದ ಎತ್ತಿನಗಾಡಿ ಏಕಾಏಕಿ ನಿಂತಿದ್ದರಿಂದ ಅದಕ್ಕೆ ಗುದ್ದಿ ಸತ್ತಿದ್ದರು. ತಪ್ಪನ್ನು ಸಾಬೀತುಪಡಿಸಬೇಕಿಲ್ಲದ, ಆಗಿನ ಕಲಂ 163ಎ ಅಡಿಯಲ್ಲಿ ಕುಟುಂಬದವರು ಆ ಬೈಕಿನ ವಿಮಾ ಕಂಪನಿಯಿಂದ ಪರಿಹಾರ ಕೇಳಿದ್ದರು. ಬೈಕನ್ನು ಎರವಲು ಪಡೆದವನು ಮಾಲೀಕನ ಪಾದರಕ್ಷೆಯಲ್ಲಿಯೇ ಕಾಲಿಟ್ಟಂತೆ, ಮಾಲೀಕನಿಗೆ ಇಲ್ಲದ ಹಕ್ಕು ಅವನಿಗೂ ಇಲ್ಲ ಎಂದ ನ್ಯಾಯಾಲಯ, ಬೇರೆ ಕಲಮಿನಡಿ ಏನಾದರೂ ಸಿಗಬಹುದೇ ನೋಡಿರೆಂದು ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿತು. ಆ ಬಳಿಕ ಅಣ್ಣನ ಬೈಕಿನಲ್ಲಿ ಹೋದ ತಮ್ಮ, ಮಾವನ ಬೈಕಿನಲ್ಲಿ ಹೋದ ಅಳಿಯ, ಎಲ್ಲರಿಗೂ ನಮ್ಮ ಅಪಘಾತ ಪರಿಹಾರ ನ್ಯಾಯಮಂಡಳಿಗಳಲ್ಲಿ ಇದೇ ಮಾತು ಅನ್ವಯವಾಗುತ್ತಿದೆ. ನಮ್ಮ ಮನೆಗಳಲ್ಲಿ ಬೈಕಿನ ಕೀಲಿ ಗೋಡೆಯ ಮೊಳೆಗೆ ತೂಗಿರುತ್ತದೆ, ಬೇಕಾದವರು ತೆಗೆದುಕೊಂಡು ಹೋಗುತ್ತಾರೆ. ಪಾಲಿಸಿಗೆ ಮಾತ್ರ ಗೊತ್ತಿರುವುದು ಆರ್.ಸಿ.ಯಲ್ಲಿರುವ ಒಂದೇ ಹೆಸರು.

ಸವಾರನಿಗಾಗಿಯೇ ಇರುವ ಒಂದು ಸಾಲು ಪಾಲಿಸಿಯಲ್ಲಿ ಇರಬೇಕು. ಅದು ಮಾಲೀಕ–ಚಾಲಕನ ವೈಯಕ್ತಿಕ ಅಪಘಾತ ವಿಮೆ, ಏಜೆಂಟರ ಬಾಯಲ್ಲಿ ಪಿ.ಎ. ಕವರ್. 2018ಕ್ಕೆ ಮುಂಚೆ ದ್ವಿಚಕ್ರ ವಾಹನಕ್ಕೆ ಒಂದು ಲಕ್ಷ ರೂಪಾಯಿಯಷ್ಟೇ ಇದ್ದ ಇದರ ಮೊತ್ತವನ್ನು ಆ ವರ್ಷ 15 ಲಕ್ಷಕ್ಕೆ ಏರಿಸಲಾಯಿತು. ನನಗೆ ಕಾಣುವ ತೊಡಕು ಇಲ್ಲಿಯೇ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕೊಡುತ್ತಾರೆ, ಆದರೆ ಪಿ.ಎ. ಕವರನ್ನು ಒಂದೇ ವರ್ಷಕ್ಕೆ ಪಡೆಯಲು ಅವಕಾಶವಿದೆ, ಶೋರೂಮಿನ ಬಿಲ್ಲು ಇಳಿಸಲು ಅನೇಕರು ಹಾಗೆಯೇ ಮಾಡುತ್ತಾರೆ. ಎರಡನೇ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಪಾಲಿಸಿಯ ಮೇಲಿನ ಐದು ವರ್ಷದ ದಿನಾಂಕ ಹಾಗೆಯೇ ಹೊಳೆಯುತ್ತಿರುತ್ತದೆ, ಸವಾರನ 15 ಲಕ್ಷ ಸದ್ದಿಲ್ಲದೆ ಮುಗಿದುಹೋಗಿರುತ್ತದೆ. ಸಾವಿನ ಮನೆಯವರಿಗೆ ಈ ಎರಡು ದಿನಾಂಕಗಳ ವ್ಯತ್ಯಾಸ ವಿವರಿಸುವುದು ನನ್ನ ಕೆಲಸದ ಅತ್ಯಂತ ಅಹಿತಕರ ಭಾಗ.

ಕವರ್ ಇದ್ದರೂ ಅದು ಕೊಡುವುದು ಯಾವುದಕ್ಕೆ ಎಂಬುದನ್ನು ಓದಿಕೊಳ್ಳಬೇಕು. ಸಾವಿಗೆ, ಎರಡು ಕೈಕಾಲು ಅಥವಾ ಎರಡು ಕಣ್ಣು ಹೋದರೆ ಪೂರ್ತಿ ಮೊತ್ತ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ ಅರ್ಧ. ಮುರಿದ ಕಾಲಿಗೆ ರಾಡು ಹಾಕಿಸಿಕೊಂಡು ಆರು ತಿಂಗಳು ಮನೆಯಲ್ಲಿ ಕೂತವನಿಗೆ ಇದರಿಂದ ಏನೂ ಇಲ್ಲ. ಸವಾರ ಆರ್.ಸಿ.ಯಲ್ಲಿರುವ ಮಾಲೀಕನೇ ಆಗಿರಬೇಕು, ಅವನಲ್ಲಿ ಚಾಲ್ತಿ ಲೈಸೆನ್ಸ್ ಇರಬೇಕು. ನನ್ನ ಟೈಲ್ಸ್ ಹುಡುಗನಿಗೆ ಪಿ.ಎ. ಕವರ್ ಇದ್ದಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಅವನಂಥವರಿಗೆ ಬೇಕಿರುವುದು ಬೈಕಿನ ವಿಮೆಯಲ್ಲ, ಪ್ರತ್ಯೇಕವಾದ ಆರೋಗ್ಯ ವಿಮೆ ಮತ್ತು ದುಡಿಮೆ ನಿಂತ ವಾರಗಳಿಗೆ ಹಣ ಕೊಡುವ ಅಪಘಾತ ವಿಮೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗೆ ಮೀರದಂತೆ ಚಿಕಿತ್ಸೆ ಸಿಗಬೇಕು. ದಾಖಲಾದ ದಿನವೇ ಇದನ್ನು ಬಾಯಿಬಿಟ್ಟು ಕೇಳುವುದು ಒಳ್ಳೆಯದು.

ಇನ್ನು ಹಿಂದೆ ಕೂತವರು. ಹಂಪ್ ಹಾರಿದಾಗ ಬೀಳುವವರು, ಚಕ್ರಕ್ಕೆ ಸೆರಗು ಸಿಕ್ಕಿ ಬೀಳುವವರು ಬಹುಪಾಲು ಹೆಂಗಸರು, ಮತ್ತು ಬೈಕು ಬಹುಪಾಲು ಗಂಡನದ್ದು. ಹೆಂಡತಿ ಬಿದ್ದಳು, ತಪ್ಪು ಗಂಡನದು, ಅವಳು ಮಾಲೀಕಳಲ್ಲ, ಹಾಗಾದರೆ ಅವಳು ಮೂರನೆಯ ಪಕ್ಷವಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು: ಕಾಯ್ದೆಗೆ ಬೇಕಾದಷ್ಟನ್ನೇ ಕೊಡುವ ಪಾಲಿಸಿಯಲ್ಲಿ, ಅಂದರೆ ನಾವು ಆಕ್ಟ್ ಪಾಲಿಸಿ ಎನ್ನುವುದರಲ್ಲಿ, ಹಿಂಬದಿ ಸವಾರ ಸೇರಿಲ್ಲ. ಅದೇ ಬೈಕಿಗೆ, ಗಾಡಿಯ ಹಾನಿಯನ್ನೂ ಒಳಗೊಳ್ಳುವ ಪ್ಯಾಕೇಜ್ ಪಾಲಿಸಿ ಇದ್ದರೆ ಸೇರಿದ್ದಾರೆ. ವಿಮಾ ನಿಯಂತ್ರಣ ಪ್ರಾಧಿಕಾರ 2009ರ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಕಳುವಿಗೆ, ಡೆಂಟಿಗೆ, ಪೇಂಟಿಗೆ ಎಂದುಕೊಂಡು ಜನ ಪ್ಯಾಕೇಜ್ ಪಾಲಿಸಿ ಕೊಳ್ಳುತ್ತಾರೆ, ಗಾಡಿ ಹಳತಾದಂತೆ ಅದೇ ಕಾರಣಕ್ಕೆ ಬಿಡುತ್ತಾರೆ. ಹತ್ತು ವರ್ಷದ ಹಳೆಯ ಗಾಡಿಗೆ ಅಷ್ಟು ಖರ್ಚು ಯಾಕೆ ಎಂದು ಅವರು ಕೇಳುವಾಗ, ಆ ಗಾಡಿಯ ಹಿಂದಿನ ಸೀಟಿನಲ್ಲಿ ಕೂರುವವರು ಯಾರು ಎಂದು ನಾನು ತಿರುಗಿ ಕೇಳುತ್ತೇನೆ. ಇಂಥ ಪ್ರಕರಣದಲ್ಲಿ ಹೆಂಡತಿ ಅರ್ಜಿದಾರಳಾಗಿ, ಗಂಡ ಒಂದನೇ ಎದುರುದಾರನಾಗಿ ನಿಲ್ಲಬೇಕಾಗುತ್ತದೆ. ಗಂಡನ ಮೇಲೆಯೇ ಪೊಲೀಸ್ ಕೇಸಾಗಬೇಕು ಎಂದಾಗ ಎಷ್ಟೋ ಕುಟುಂಬಗಳು ಅಲ್ಲಿಗೇ ಕೈಬಿಡುತ್ತವೆ.

ಬೇರೆ ವಾಹನ ಬಂದು ಗುದ್ದಿದ್ದರೆ ದಾರಿ ಸುಲಭ ಎಂದು ತಿಳಿಯುವಂತಿಲ್ಲ. ಪ್ರಕರಣದ ಹಣೆಬರಹ ಬರೆಯುವವರು ನ್ಯಾಯಾಧೀಶರಿಗಿಂತ ಮೊದಲು ತುರ್ತು ಚಿಕಿತ್ಸಾ ವಿಭಾಗದ ಕಿರಿಯ ವೈದ್ಯರು. ಗಾಯಾಳು ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. ಜೊತೆಗೆ ಬಂದ ಅಪರಿಚಿತರು "ಬೈಕಿಂದ ಬಿದ್ದಿದ್ದ, ಎತ್ಕೊಂಡು ಬಂದ್ವಿ" ಎನ್ನುತ್ತಾರೆ. ಕೇಸ್ ಶೀಟಿನಲ್ಲಿ 'ಬೈಕಿನಿಂದ ಬಿದ್ದ ಗಾಯ' ಎಂದು ಒಂದು ಸಾಲು ಬೀಳುತ್ತದೆ. ನಾಲ್ಕು ದಿನ ಬಿಟ್ಟು ಠಾಣೆಗೆ ಹೋದ ತಮ್ಮ, ಟಿಪ್ಪರ್ ಗುದ್ದಿ ಹೋಯಿತೆಂದು ದೂರು ಕೊಡುತ್ತಾನೆ. ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಆ ಒಂದು ಸಾಲಿನ ಕೆಳಗೆ ಬೆರಳಿಟ್ಟು ಓದಿಸುತ್ತಾರೆ, ಉಳಿದ ದಿನಗಳೆಲ್ಲ ಅದನ್ನು ಅಳಿಸುವುದರಲ್ಲಿಯೇ ಕಳೆಯುತ್ತವೆ. ಟಿಪ್ಪರ್‌ನ ನಂಬರ್ ಸಿಗದಿದ್ದರೆ ಉಳಿಯುವುದು ಗುದ್ದಿ ಪರಾರಿಯಾದ ಪ್ರಕರಣಗಳ ನಿಗದಿತ ಪರಿಹಾರ: 2022ರ ಏಪ್ರಿಲ್‌ನಿಂದ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅದೇ ದಿನದಿಂದ ಜಾರಿಗೆ ಬಂದ ಇನ್ನೊಂದು ತಿದ್ದುಪಡಿಯಂತೆ ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು. 1994ರಿಂದ ಅಲ್ಲಿಯವರೆಗೆ ಇಂಥ ಗಡುವೇ ಇರಲಿಲ್ಲ. ಈ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ನಿಜ. ಆದರೆ ಆ ಭರವಸೆಯ ಮೇಲೆ ಯಾರೂ ಕಾಲಹರಣ ಮಾಡಬಾರದು. ಮೂಳೆ ಕೂಡಿದ ಮೇಲೆ ವಕೀಲರನ್ನು ನೋಡೋಣ ಎನ್ನುವವರಿಗೆ ಮೂಳೆ ಕೂಡುವುದಕ್ಕೇ ಆರು ತಿಂಗಳು ಬೇಕಾಗಬಹುದು.

ಎಲ್ಲವೂ ಸರಿಯಾಗಿ ನಡೆದರೂ ಸಿಗುವ ಹಣ ಜನ ಊಹಿಸುವಷ್ಟಿರುವುದಿಲ್ಲ. ಮೂಳೆ ವೈದ್ಯರು ಕಾಲಿಗೆ ಶೇ. 30ರಷ್ಟು ಊನವಿದೆಯೆಂದು ಸಾಕ್ಷಿ ನುಡಿಯುತ್ತಾರೆ. ನಮ್ಮ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು, ಅಂದರೆ ಶೇ. 10ನ್ನು, ಇಡೀ ದೇಹದ ಊನವೆಂದು ಹಿಡಿಯುತ್ತವೆ. ವಯಸ್ಸು 28 ಆದರೆ ಸುಪ್ರೀಂ ಕೋರ್ಟಿನ 2009ರ ಇನ್ನೊಂದು ತೀರ್ಪಿನ ಪಟ್ಟಿಯಂತೆ, ವರ್ಷದ ನಷ್ಟವನ್ನು ಗುಣಿಸಬೇಕಾದ ಸಂಖ್ಯೆ, ಅಂದರೆ ಗುಣಕ, 17. ತಿಂಗಳ ಆದಾಯ 15,000 ಎಂದು ಒಪ್ಪಿದರೆ ಭವಿಷ್ಯದ ದುಡಿಮೆಯ ನಷ್ಟ 3,06,000 ರೂಪಾಯಿ. ಚಿಕಿತ್ಸೆ, ನೋವು, ಓಡಾಟದ ಬಾಬ್ತುಗಳು ಇದಕ್ಕೆ ಕೂಡುತ್ತವೆ. ಆದರೆ ಟೈಲ್ಸ್ ಹಾಕುವವನಿಗೆ ಮಂಡಿಯೂರಿ ಕೂರಲು ಬಾರದಿದ್ದರೆ ಹೋದದ್ದು ಶೇ. 10 ಅಲ್ಲ, ಇಡೀ ಕಸುಬು. ಊನವನ್ನು ಕಾಲಿನ ಮೇಲೆ ಮಾತ್ರವಲ್ಲ, ಕಸುಬಿನ ಮೇಲೂ ಅಳೆಯಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ತೋರಿಸಲು ಮೇಸ್ತ್ರಿಯ ಸಾಕ್ಷಿ, ಕೂಲಿಯ ಲೆಕ್ಕದ ಪುಸ್ತಕ, ಬ್ಯಾಂಕಿನ ಪಾಸ್‌ಬುಕ್ ಏನಾದರೂ ಬೇಕು. ಕೈಗೆ ಕೈ ಹಣ ಪಡೆಯುವ ನಮ್ಮ ಕೂಲಿಕಾರರಲ್ಲಿ ಇವು ಇರುವುದೇ ಅಪರೂಪ.

ಹೆಲ್ಮೆಟ್ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ 50,029 ಮಂದಿಯಲ್ಲಿ 14,337 ಮಂದಿ ಹಿಂದೆ ಕೂತವರು. ನಮ್ಮ ರಾಜ್ಯದಲ್ಲಿ 2016ರಿಂದಲೇ ಹಿಂಬದಿ ಸವಾರರಿಗೂ ಅದು ಕಡ್ಡಾಯ. ರಸ್ತೆಬದಿಯಲ್ಲಿ ಮಾರುವ, ಹೆಲ್ಮೆಟ್ ಗುಣಮಟ್ಟದ ಐಎಸ್ 4151 ಗುರುತಿಲ್ಲದ ಟೋಪಿ ಕಾಯುವುದು ದಂಡದಿಂದ ಮಾತ್ರ.

ಇದುವರೆಗೆ ಹೇಳಿದ್ದು ಬೀಳುವವನ ಕಡೆಯ ಲೆಕ್ಕ. ಬೀಳಿಸಿದವನ ಕಡೆಯ ಲೆಕ್ಕ ಇನ್ನೂ ದೊಡ್ಡದು. ಅದೇ 28ರ ಯುವಕ ಸತ್ತನೆಂದುಕೊಳ್ಳಿ. ಹೆಂಡತಿ, ಮಗು, ತಂದೆ, ತಾಯಿ ಅವನನ್ನು ನೆಚ್ಚಿದ್ದರು. 15,000ಕ್ಕೆ ಭವಿಷ್ಯದ ಏರಿಕೆಯೆಂದು ಶೇ. 40 ಸೇರಿಸಿ, ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದು, 12ರಿಂದ ಮತ್ತು 17ರಿಂದ ಗುಣಿಸಿದರೆ 32,13,000 ರೂಪಾಯಿ. ಬಡ್ಡಿ ಬೇರೆ. ಗುದ್ದಿದ ಬೈಕಿಗೆ ವಿಮೆ ಇಲ್ಲದಿದ್ದರೆ ಈ ಮೊತ್ತ ಕಟ್ಟಬೇಕಾದವನು ಮಾಲೀಕ. ಸವಾರನಿಗೆ ಲೈಸೆನ್ಸ್ ಇಲ್ಲದಿದ್ದರೆ ಕಂಪನಿ ಕೊಟ್ಟರೂ ಅದನ್ನು ಮಾಲೀಕನಿಂದ ವಸೂಲಿ ಮಾಡಲು ಆದೇಶ ಕೇಳುತ್ತದೆ. ಪಿಯುಸಿ ಓದುವ ಮಗನಿಗೆ ಕೀಲಿ ಕೊಟ್ಟ ತಂದೆಗೆ ಇದರ ಜೊತೆಗೆ ಕಲಂ 199ಎ ಅಡಿಯಲ್ಲಿ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಕಾದಿರುತ್ತದೆ.

ನನ್ನ ಬಳಿ ಈಗಿರುವ ಒಂದು ಅಮಲ್ಜಾರಿ (ತೀರ್ಪಿನ ಹಣದ ವಸೂಲಿ) ಪ್ರಕರಣದಲ್ಲಿ ನಿವೃತ್ತ ನೌಕರರೊಬ್ಬರು ತಮ್ಮ ಮನೆಯ ಜಪ್ತಿ ತಪ್ಪಿಸಿಕೊಳ್ಳಲು ಹೋರಾಡುತ್ತಿದ್ದಾರೆ. ಅಪಘಾತವಾದ ದಿನ ಅವರು ಬೈಕಿನ ಮೇಲಿರಲಿಲ್ಲ. ವರ್ಷದ ಹಿಂದೆಯೇ ಅದನ್ನು ಮಾರಿದ್ದರು. ಕೊಂಡವನು, ಇವರು ಸಹಿ ಹಾಕಿಕೊಟ್ಟ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ನ್ನು ಜೇಬಿನಲ್ಲಿಟ್ಟುಕೊಂಡು ಹೋದವನು ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತಲಿಲ್ಲ, ವಿಮೆಯನ್ನೂ ನವೀಕರಿಸಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ನೊಂದವರು ಗಾಡಿಯ ಮಾರಾಟದ ಸರಪಳಿ ಹುಡುಕಿಕೊಂಡು ಅಲೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಖಚಿತಪಡಿಸಿದೆ. ಮಾರಾಟವನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕಾದದ್ದು ಮಾರಿದವರೇ. ಬೈಕು ಮಾರಿ ಬಂದ ಹಣ ಎಷ್ಟೆಂದು ನಾನು ಕೇಳಿದೆ. ಹದಿನೆಂಟು ಸಾವಿರ ಎಂದರು.