ಬಚ್ಚಲಮನೆಯ ಫಿಟ್ಸ್: ರೋಗದ ಹೆಸರು ಗೊತ್ತು, ಅಪಾಯ ಹೇಳುವವರಿಲ್ಲ

ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್ ಅಂತ ಒಂದಿದೆ. ಬೇರೆ ದೇಶದ ಡಾಕ್ಟರುಗಳಿಗೆ ಇದು ಅಪರೂಪದ ಸಂಗತಿ. ದಕ್ಷಿಣ ಕರ್ನಾಟಕದಲ್ಲಿ ಅಷ್ಟೇನೂ ಅಪರೂಪವಲ್ಲ. ಹಾಸನದ ಕಡೆ ತಲೆಸ್ನಾನ ಅಂದರೆ ಏನು ಅಂತ ಗೊತ್ತಲ್ಲ: ಎಣ್ಣೆ ಹಚ್ಚಿ ನೆನೆಯಲು ಬಿಟ್ಟು, ಹಂಡೆ ಒಲೆಗೆ ತೆಂಗಿನ ಮಟ್ಟೆ ಒಡ್ಡಿ, ಆವಿ ಏಳುವಷ್ಟು ನೀರು ಕಾಯಿಸಿ, ಒಂದರ ಹಿಂದೊಂದು ಚೊಂಬು ನೇರ ನೆತ್ತಿಯ ಮೇಲೆ ಸುರಿಯುವುದು. ಈ ಫಿಟ್ಸ್ ಕೆರಳಲು ಬೇಕಾದದ್ದೂ ಅದೇ. 40ರಿಂದ 50 ಡಿಗ್ರಿ ಬಿಸಿಯ ನೀರು, ತಲೆಯ ಮೇಲೆ, ಬಿಡುವಿಲ್ಲದೆ.

ಅದು ಬರುವ ರೀತಿ ತಿಳಿದಿರಬೇಕು. ಮೊದಲು ಕಣ್ಣು ಒಂದೇ ಕಡೆ ನೆಡುತ್ತದೆ. ಏನೋ ಗೊಣಗಾಟ. ಕೂಗಿದರೆ ಓಗೊಡುವುದಿಲ್ಲ. ಕೆಲವರಲ್ಲಿ ಪ್ರಜ್ಞೆ ಮಂಕಾಗುತ್ತಾ ಬಂದರೂ ಕೈ ಮಾತ್ರ ನಿಲ್ಲುವುದಿಲ್ಲ, ಚೊಂಬು ಹಂಡೆಗೆ ಹೋಗುತ್ತದೆ, ತಲೆ ಮೇಲೆ ಬರುತ್ತದೆ, ಮತ್ತೆ ಹೋಗುತ್ತದೆ, ನೀರಿನ ಸದ್ದು ಕೇಳುತ್ತಲೇ ಇರುವುದರಿಂದ ಹೊರಗಿರುವ ಅಮ್ಮನಿಗೆ ಒಳಗೆ ಏನೋ ಆಗಿದೆ ಅಂತ ಅನುಮಾನವೂ ಬರುವುದಿಲ್ಲ. ಆಮೇಲೆ ಬೀಳುವುದು. ಬೀಳುವುದು ಎಲ್ಲಿಗೆ? ಕಲ್ಲಿಗೆ, ಇಲ್ಲ ಒಲೆಯ ಪಕ್ಕಕ್ಕೆ.

ವೈದ್ಯಕೀಯ ಪತ್ರಿಕೆಯಲ್ಲಿ ಇದು ಮೊದಲು ದಾಖಲಾದದ್ದು 1945ರಲ್ಲಿ, ನ್ಯೂಜಿಲೆಂಡ್‌ನಿಂದ. ನಮ್ಮಲ್ಲಿ 1968ರಲ್ಲಿ ಡಾ. ಕೆ.ಎಸ್. ಮಣಿ ಮತ್ತು ಅವರ ಜೊತೆಗಾರರು ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತಿತರರು 279 ಜನರ ವಿವರ ಪ್ರಕಟಿಸಿದರು. ಅಂದರೆ ಇದು ನಮ್ಮ ಊರುಗಳ ಕಾಯಿಲೆ, ನಮ್ಮವರೇ ಅಧ್ಯಯನ ಮಾಡಿದ್ದು, ಅದೂ ಅರ್ಧ ಶತಮಾನದ ಹಿಂದಿನಿಂದ.

ಇದನ್ನು ಗುರುತಿಸಲು ದೊಡ್ಡ ಯಂತ್ರ ಬೇಕಾಗಿಲ್ಲ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆಗೆ ಇಇಜಿ ಅನ್ನುತ್ತಾರೆ. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ಎಷ್ಟೋ ಜನಕ್ಕೆ ನಾರ್ಮಲ್ ಬರುತ್ತದೆ. ಸ್ಕ್ಯಾನ್ ಕೂಡ ಹಾಗೇ. ರಿಪೋರ್ಟ್ ಚೆನ್ನಾಗಿದೆ, ಏನೂ ಇಲ್ಲ ಅಂತ ಜನ ಖುಷಿಯಿಂದ ಬಸ್ ಹತ್ತಿಬಿಡುತ್ತಾರೆ. ರೋಗ ಪತ್ತೆಯಾಗುವುದು ಬಹುಮಟ್ಟಿಗೆ ಮಾತಿನಲ್ಲಿ: ಯಾವಾಗ ಬಂತು, ಏನು ಮಾಡುತ್ತಿದ್ದರು, ನೋಡಿದವರು ಯಾರು. 'ಸ್ನಾನ ಮಾಡುವಾಗಲಾ?' ಎಂಬ ಒಂದು ಪ್ರಶ್ನೆ ಕೇಳಿದರೆ ಅರ್ಧ ಕೆಲಸ ಮುಗಿಯಿತು. ನೋಡಿದವರೇ ಆಸ್ಪತ್ರೆಗೆ ಜೊತೆಯಲ್ಲಿ ಹೋಗಬೇಕು ಅನ್ನುವುದು ಅದಕ್ಕೇ. ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಗೊತ್ತಿದ್ದೂ ಹಿಂದೆ ಡಾಕ್ಟರರ ಚೀಟಿಯಲ್ಲಿ ಮಾತ್ರೆ ಮಾತ್ರ ಬರುತ್ತಿತ್ತು, ಅಪಾಯದ ಎಚ್ಚರಿಕೆ ಬರುತ್ತಿರಲಿಲ್ಲ. ಯಾಕೆ? ಡಾಕ್ಟರರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಹೆಸರು ಹೇಳುವುದೇ ಅಪಾಯವಾಗಿದ್ದ ಕಾಲ ಅದು. 1976ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆಗೆ ಒಂದು ಮಾತು ಸೇರಿತು: ಹುಚ್ಚು ಅಥವಾ ಮೂರ್ಛೆರೋಗ ಪದೇ ಪದೇ ಬರುವವರು ಮದುವೆಗೆ ತಕ್ಕವರಲ್ಲ. ಆ ಕಾರಣ ಕೊಟ್ಟು ಆದ ಮದುವೆಯನ್ನೂ ರದ್ದು ಮಾಡಿಸಬಹುದಿತ್ತು. ಅಂಥ ಕಾನೂನು ತಲೆ ಮೇಲಿರುವಾಗ ಯಾವ ಅಪ್ಪ ತಾನೇ ಮಗಳಿಗೆ ಮೂರ್ಛೆರೋಗ ಇದೆ ಅಂತ ಬರೆಸಿಕೊಳ್ಳುತ್ತಾನೆ? 'ತಲೆಸುತ್ತು', 'ಗಾಳಿ ಸೋಕಿದೆ' ಅನ್ನುವುದೇ ಕ್ಷೇಮವಾಗಿತ್ತು. ಎಪಿಲೆಪ್ಸಿ (ಮೂರ್ಛೆರೋಗ) ಸಂಘದವರು ಮತ್ತು ವೈದ್ಯರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 1999ರಲ್ಲಿ ಮೂರ್ಛೆರೋಗ ಅನ್ನುವ ಪದವನ್ನು ಕಾಯ್ದೆಯಿಂದ ತೆಗೆದರು. ನನ್ನ ಪ್ರಕಾರ ಈ ಕಾಯಿಲೆಯ ಚರಿತ್ರೆಯಲ್ಲಿ ಯಾವ ಮಾತ್ರೆಗಿಂತಲೂ ದೊಡ್ಡ ಸಂಗತಿ ಇದು. ಆದರೆ ಕಾನೂನು ಹೋಯಿತು, ಮುಚ್ಚಿಡುವ ಅಭ್ಯಾಸ ಉಳಿಯಿತು.

ರೋಗವನ್ನೇ ಮುಚ್ಚಿಟ್ಟ ಮೇಲೆ ಅಪಾಯದ ಮಾತು ಎಲ್ಲಿ ಬಂತು? ಬಿಸಿನೀರಿನ ಫಿಟ್ಸ್‌ನಲ್ಲಿ ಹೇಳಬೇಕಾದದ್ದು ತೀರಾ ಸರಳ. ನೀರು ಉಗುರುಬೆಚ್ಚಗಿರಲಿ. ತಲೆಗೆ ಒಮ್ಮೆಲೇ ಸುರಿಯಬೇಡಿ. ಚಿಲಕ ಹಾಕಬೇಡಿ, ಮನೆಯಲ್ಲಿ ಯಾರಾದರೂ ಇರುವಾಗಲೇ ಸ್ನಾನ ಮಾಡಿ. ಕೆಲವರಿಗೆ ಡಾಕ್ಟರ್ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ನುಂಗಲು ಕ್ಲೊಬಾಜಾಮ್ ಎಂಬ ಫಿಟ್ಸ್ ತಡೆಯುವ ಮಾತ್ರೆ ಬರೆಯುತ್ತಾರೆ, ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತದೆ. ಇನ್ನು ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಫಿಟ್ಸ್ ಶುರುವಾಗಬಹುದು, ಆಗ ದಿನಾ ಮಾತ್ರೆ ಬೇಕು. ಇದನ್ನು ಮೊದಲ ದಿನವೇ ಹೇಳಿಬಿಟ್ಟರೆ 'ಬಿಸಿನೀರು ಬಿಟ್ಟೆ, ವಾಸಿಯಾಯಿತು' ಅಂತ ಯಾರೂ ಆಸ್ಪತ್ರೆ ಬಿಡುವುದಿಲ್ಲ.

ಹೇಳಲು ಕಷ್ಟವಾದ ಮಾತೂ ಒಂದಿದೆ. ಮೂರ್ಛೆರೋಗ ಇರುವ ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಸಾವಿರಕ್ಕೆ ಒಬ್ಬರು ಇದ್ದಕ್ಕಿದ್ದಂತೆ, ಹೆಚ್ಚಾಗಿ ನಿದ್ದೆಯಲ್ಲಿ ತೀರಿಹೋಗುತ್ತಾರೆ. ರೋಗಿಗೆ ಇದನ್ನು ತಿಳಿಸಲೇಬೇಕು ಅಂತ ಅಮೆರಿಕದ ನರರೋಗ ತಜ್ಞರ ಸಂಸ್ಥೆಗಳು ಮಾರ್ಗಸೂಚಿ ತಂದದ್ದು 2017ರಲ್ಲಷ್ಟೇ. ಸುಮ್ನೆ ಯಾಕೆ ಹೆದರಿಸಬೇಕು ಅನ್ನುವವರಿದ್ದಾರೆ. ಆದರೆ ಫಿಟ್ಸ್ ಹಿಡಿತಕ್ಕೆ ಬಂದಷ್ಟೂ ಈ ಅಪಾಯ ಇಳಿಯುತ್ತದೆ. ಮಾತ್ರೆ ತಪ್ಪಿಸಬೇಡಿ ಅಂತ ಬರೀ ಗದರಿಸುವುದಕ್ಕಿಂತ ಈ ಕಾರಣ ಹೇಳುವುದು ಮೇಲು ಅಲ್ವಾ?

ಹೆಣ್ಣುಮಕ್ಕಳ ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆಯದು. ವಾಲ್ಪ್ರೊಯೇಟ್ ಫಿಟ್ಸ್‌ಗೆ ಒಳ್ಳೆಯ ಮಾತ್ರೆ, 1967ರಿಂದ ಬಳಕೆಯಲ್ಲಿದೆ. ಗರ್ಭಿಣಿಯರು ತೆಗೆದುಕೊಂಡರೆ ಮಗುವಿನ ಬೆನ್ನುಹುರಿಗೆ ತೊಂದರೆ ಆಗಬಹುದು ಅಂತ 1982ರಲ್ಲೇ ಫ್ರಾನ್ಸಿನಿಂದ ವರದಿ ಬಂತು. ಈಗಿನ ಲೆಕ್ಕದಲ್ಲಿ ಇಂಥ ಹತ್ತು ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಅಂಗದೋಷ, ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಬೆಳವಣಿಗೆ, ಕಲಿಕೆಯಲ್ಲಿ ತೊಂದರೆ. ಹಾಗಿದ್ದೂ ಬ್ರಿಟನ್ ಇದಕ್ಕೆ ಬಿಗಿ ನಿಯಮ ಮಾಡಿದ್ದು 2018ರಲ್ಲಿ. ನಮ್ಮಲ್ಲಿ ಹತ್ತನೇ ವಯಸ್ಸಿಗೆ ಶುರುವಾದ ಅದೇ ಮಾತ್ರೆಯನ್ನು, ಅದೇ ಹಳೇ ಚೀಟಿ ತೋರಿಸಿ, ಮದುವೆ ಆದಮೇಲೂ ಮೆಡಿಕಲ್ ಶಾಪಿನಲ್ಲಿ ತರುವವರಿದ್ದಾರೆ. ಅತ್ತೆಮನೆಗೆ ಗೊತ್ತಾಗಬಾರದು ಅಂತ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ನುಂಗುವವರೂ ಇದ್ದಾರೆ. ಭಯಪಟ್ಟು ತಾವಾಗಿಯೇ ನಿಲ್ಲಿಸಿದರೆ ಒಂದರ ಮೇಲೊಂದು ಫಿಟ್ಸ್ ಬಂದು ತಾಯಿಯ ಜೀವಕ್ಕೇ ಕುತ್ತು. ಬೇರೆ ಮಾತ್ರೆಗೆ ನಿಧಾನವಾಗಿ ಬದಲಾಯಿಸಬೇಕು, ಫೋಲಿಕ್ ಆಸಿಡ್ ಶುರುಮಾಡಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಹಾಗಾಗಿ ಡಾಕ್ಟರ್ ಹತ್ತಿರ ಈ ಮಾತು ಎತ್ತಬೇಕಾದದ್ದು ಬಸಿರಾದ ಮೇಲಲ್ಲ, ಮದುವೆ ಮಾತುಕತೆ ಶುರುವಾದಾಗಲೇ.