ಚೆಕ್‌ರೋಲ್‌ಗೆ ಮುಂಚೆ ಅರ್ಧ ಗಂಟೆ

ನಮ್ಮ ತೋಟದಲ್ಲಿ ಶನಿವಾರ ಬಟವಾಡೆ. ಹದಿನಾಲ್ಕು ಜನರ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ-ಕೂಲಿ ಲೆಕ್ಕದ ಪುಸ್ತಕ, ಬಿಡಿಸಿ ಕೂತರೆ ಮೂರನೇ ಸಾಲಿಗೆ ನನ್ನ ಕೈ ಫೋನಿಗೆ ಹೋಗಿರುತ್ತದೆ. ಕರಿಮೆಣಸಿನ ರೇಟು ನೋಡುತ್ತೇನೆ, ಎದ್ದು ನಾಯಿಗೆ ಅನ್ನ ಹಾಕುತ್ತೇನೆ, ಹಾಗೇ ಕಣದ ಕಡೆ ನಡೆಯುತ್ತೇನೆ. ಲೆಕ್ಕ ಅಲ್ಲೇ ಬಿದ್ದಿರುತ್ತದೆ. ಇದು ಸೋಮಾರಿತನ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಸುವ ತೊಂದರೆ, ಅಂತ ಡಾಕ್ಟರು ಹೇಳಿದ್ದು ಹೋದ ವರ್ಷ. ಈಗ ಲೆಕ್ಕಕ್ಕೆ ಕೂರುವ ಮುಂಚೆ ಅರ್ಧ ಗಂಟೆ ಬಿರುಸಾಗಿ ನಡೆಯುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ದೊಡ್ಡವರಾದ ಮೇಲೆ ಇದು ತಾನಾಗಿ ಹೋಗುತ್ತದೆ ಅಂತ ಹಿಂದೆ ನಂಬಿದ್ದರು. ಎಷ್ಟೋ ಜನರಲ್ಲಿ ಹೋಗುವುದಿಲ್ಲ. ಕುಣಿದಾಟ ನಿಂತು ಒಳಗಿನ ಚಡಪಡಿಕೆ ಉಳಿಯುತ್ತದೆ, ಅಷ್ಟೇ. ಗಮನವೇ ಇಲ್ಲ ಅಂತಲ್ಲ, ಬ್ರೇಕು ಹಿಡಿಯುವುದಿಲ್ಲ.

ಆ ಬ್ರೇಕನ್ನು ನೀವೂ ಪರೀಕ್ಷಿಸಬಹುದು. ನೀಲಿ ಪೆನ್ನಿನಲ್ಲಿ ‘ಕೆಂಪು’ ಅಂತ ಬರೆಯಿರಿ, ಹಸಿರು ಪೆನ್ನಿನಲ್ಲಿ ‘ಹಳದಿ’. ಇಂಥವು ಇಪ್ಪತ್ತು ಇರಲಿ. ಈಗ ಪದ ಓದದೆ, ಶಾಯಿಯ ಬಣ್ಣ ಮಾತ್ರ ಬೇಗ ಬೇಗ ಹೇಳಿ. ನಾಲಿಗೆ ತಡವರಿಸುತ್ತದೆ, ಅಲ್ವಾ? ಓದುವ ಚಟವನ್ನು ಅರೆಕ್ಷಣ ತಡೆಹಿಡಿಯಬೇಕು. 1935ರಲ್ಲಿ ಸ್ಟ್ರೂಪ್ ಎಂಬಾತ ಪ್ರಕಟಿಸಿದ ಈ ಪರೀಕ್ಷೆ ಇವತ್ತಿಗೂ ಬಳಕೆಯಲ್ಲಿದೆ.

ಹೀಗೆ ತಡೆಹಿಡಿಯುವ ಕೆಲಸ ಹೆಚ್ಚಾಗಿ ಹಣೆಯ ಹಿಂದಿರುವ ಮಿದುಳಿನ ಭಾಗದ್ದು. ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಹದವಾಗಿದ್ದರೆ ಅದು ಸರಿಯಾಗಿ ನಡೆಯುತ್ತದೆ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಮಾತ್ರೆ ಈ ಎರಡನ್ನೂ ನರಕೋಶಗಳು ಬೇಗ ವಾಪಸ್ ಎಳೆದುಕೊಳ್ಳದಂತೆ ತಡೆಯುತ್ತದೆ. ಬಿರುಸಾಗಿ ಮೈ ದಣಿಸಿದಾಗಲೂ ಇವೇ ಎರಡು ಚುರುಕಾಗುತ್ತವೆ ಅನ್ನುವುದು ಸಂಶೋಧಕರ ವಾದ.

2019ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಎಡಿಎಚ್‌ಡಿ ಇರುವ ವಯಸ್ಕರು 30 ನಿಮಿಷ ಹದವಾಗಿ ಸೈಕಲ್ ತುಳಿದರು. ಆಮೇಲೆ, ಅಕ್ಕಪಕ್ಕದ ಬಾಣಗಳನ್ನು ಬಿಟ್ಟು ನಡುವಿನ ಬಾಣ ಯಾವ ಕಡೆ ಇದೆ ಅಂತ ಗುರುತಿಸುವ ಪರೀಕ್ಷೆಯಲ್ಲಿ ಅವರು ಬೇಗ ಉತ್ತರಿಸಿದರು. ಆದರೆ ನನಗೆ ಜಾಸ್ತಿ ನಂಬಿಕೆ ಬಂದಿದ್ದು ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ 2016ರ ಅಧ್ಯಯನ ಓದಿ. ಎಡಿಎಚ್‌ಡಿ ಲಕ್ಷಣಗಳಿದ್ದ 32 ಯುವಕರು 20 ನಿಮಿಷ ಸೈಕಲ್ ತುಳಿದರು. ಗಮನದ ಪರೀಕ್ಷೆಯಲ್ಲಿ ಅವರು ಸುಧಾರಿಸಲಿಲ್ಲ, ಕಾಲಾಡಿಸುವುದೂ ನಿಲ್ಲಲಿಲ್ಲ. ದಣಿವು, ಗೊಂದಲ ಕಡಿಮೆಯಾಯಿತು, ಕೆಲಸಕ್ಕೆ ಕೂರುವ ಮನಸ್ಸು ಬಂತು. ಮನಸ್ಸು ಬರುವುದೇ ಅರ್ಧ ಗೆದ್ದ ಹಾಗೆ, ನನ್ನಂಥವರಿಗಂತೂ.

ಒಂದು ಸಲ ನಡೆದರೆ ಸಿಗುವ ಲಾಭ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೆಳಿಗ್ಗೆ ಆರಕ್ಕೆ ನಡೆದು, ಮಧ್ಯಾಹ್ನ ಮೂರಕ್ಕೆ ಚೆಕ್‌ರೋಲ್ ಹಿಡಿದರೆ ಏನು ಬಂತು? ಹಾಗಾಗಿ ಗೇಟಿನಿಂದ ಮೇಲಿನ ಬ್ಲಾಕಿನವರೆಗೆ ಏರು ಹತ್ತಿ ಇಳಿದು, ನೀರು ಕುಡಿದು, ನೇರ ಲೆಕ್ಕಕ್ಕೆ ಕೂರುತ್ತೇನೆ. ಮಾತಾಡಬಹುದು, ಹಾಡಲಾಗದು, ಅಷ್ಟು ಏದುಸಿರು ಸಾಕು. ಅತಿಯಾದರೂ ಕಷ್ಟ. 1,748 ಮೀಟರಿನ ತಡಿಯಂಡಮೋಳ್ ಬೆಟ್ಟ ಹತ್ತಿ ಬಂದ ದಿನ ನನಗೆ ಕೂಡುವುದು ಕಳೆಯುವುದೇ ಬರಲಿಲ್ಲ. ಇನ್ನು, ಮಾತ್ರೆ ನಿಲ್ಲಿಸುವ ಮಾತು ಡಾಕ್ಟರ ಹತ್ತಿರವೇ ಆಗಬೇಕು.

ಕಕ್ಕಡದ, ಅಂದರೆ ಕೊಡಗಿನ ಆಟಿ ತಿಂಗಳ, ಮಳೆಯಲ್ಲಿ ಏರು ಹತ್ತುವ ಹಾಗಿಲ್ಲ, ಜಿಗಣೆ ಬಿಡುವುದಿಲ್ಲ. ಆಗ ಗೋಡೌನಿನಲ್ಲಿ ಹಗ್ಗದಾಟ. ಹಗ್ಗ ಎಲ್ಲಿಟ್ಟೆ ಅನ್ನುವುದೂ ಮರೆತುಹೋಗುತ್ತಿತ್ತು. ಈಗ ಅದನ್ನು ಚೆಕ್‌ರೋಲ್ ಪುಸ್ತಕಕ್ಕೇ ಸುತ್ತಿಟ್ಟಿದ್ದೇನೆ, ಹಗ್ಗ ಬಿಚ್ಚದೆ ಪುಸ್ತಕ ತೆಗೆಯಲಾಗದು.