ಕೆಸರಿಗೆ ಇಳಿಯುವ ಕಾಲು

ಫೆಬ್ರವರಿ ಬಂತೆಂದರೆ ಕೊಡಗಿನ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳಿಗೆ ಏಣಿ ಹಾಕುತ್ತಾರೆ. ಕಾಳುಮೆಣಸಿನ ಕೊಯ್ಲು. ಮಳೆ ಹಿಡಿಯುವ ಮೊದಲು ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು. ಎರಡೂ ಎತ್ತರದ ಕೆಲಸ. ಬಿದ್ದು ಕಾಲು ಕಳೆದುಕೊಂಡವರಿದ್ದಾರೆ. ಸಕ್ಕರೆ ಕಾಯಿಲೆಯ ಹುಣ್ಣು ಮಾಯದೆ ಕಾಲು ತೆಗೆಸಿಕೊಂಡವರೂ ಇದ್ದಾರೆ. ತೋಟದ ಕೂಲಿಯವರ ಲೈನ್ ಮನೆಯ ಬಾಗಿಲು ದಾಟಿದರೆ ಇಳಿಜಾರು, ಕೆಸರು. ಅಲ್ಲಿ ನಡೆಯಲು ಎಂಥ ಕಾಲು ಬೇಕು?

ಸೈನ್ಯಕ್ಕೆ ಸೇರುವುದು ನಮ್ಮಲ್ಲಿ ಮನೆಮನೆಯ ಮಾತು. ಗಾಯಗೊಂಡ ಸೈನಿಕರಿಗಾಗಿ ಪುಣೆಯಲ್ಲಿ 1944ರಲ್ಲೇ ಕೃತಕ ಅಂಗ ಕೇಂದ್ರ ಶುರುವಾಗಿತ್ತು. ಆದರೆ ಕೂಲಿ ಮಾಡುವವರ ಬದುಕನ್ನು ನೋಡಿ ಕಾಲು ಮಾಡುವ ಯೋಚನೆ ಗಟ್ಟಿಯಾಗಿದ್ದು ದೂರದ ಜೈಪುರದಲ್ಲಿ.

ಅಲ್ಲಿನ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಪಿ.ಕೆ. ಸೇಠಿ ಮೂಳೆ ವೈದ್ಯರು. ರಾಮಚಂದ್ರ ಶರ್ಮಾ ಕೈಕೆಲಸದಲ್ಲಿ ಪಳಗಿದ ಕುಶಲಕರ್ಮಿ. ಆಗ ಸಿಗುತ್ತಿದ್ದ ಸ್ಯಾಚ್ ಎಂಬ ಕೃತಕ ಪಾದ ಗಟ್ಟಿಯಾಗಿತ್ತು. ಅದು ಶೂ ಹಾಕಿ, ಕುರ್ಚಿ ಮೇಲೆ ಕೂರುವವರ ಪಾದ. ಚಕ್ಕಳಮಕ್ಕಳ ಹಾಕುವ ಹಾಗಿಲ್ಲ, ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ, ಗದ್ದೆಗೆ ಇಳಿಯುವುದಂತೂ ದೂರದ ಮಾತು. ರೋಗಿಗಳು ಮನೆಗೆ ಒಯ್ದು ಮೂಲೆಗಿಡುತ್ತಿದ್ದರು. ತಪ್ಪು ಅವರದ್ದಲ್ಲ, ಅಲ್ವಾ?

1968ರಲ್ಲಿ ಇವರಿಬ್ಬರ ಹೊಸ ಪಾದ ಸಿದ್ಧವಾಯಿತು. ಅದೇ ಜೈಪುರ ಕಾಲು. ಹಿಮ್ಮಡಿಗೂ ಬೆರಳ ಕಡೆಗೂ ಸ್ಪಂಜಿನಂಥ ರಬ್ಬರ್, ಕಣಕಾಲಿನ ಹತ್ತಿರ ಮರದ ತುಂಡು. ಎಲ್ಲಕ್ಕೂ ರಬ್ಬರ್ ಸುತ್ತಿ ಅಚ್ಚಿನಲ್ಲಿ ಬೇಯಿಸುವುದು, ಟಯರ್ ರಿಟ್ರೆಡ್ ಮಾಡುವ ಹಾಗೆ. ಪಾದ ಎಲ್ಲ ಕಡೆಗೂ ಬಾಗುತ್ತದೆ, ಏರುತಗ್ಗಿಗೆ ಹೊಂದಿಕೊಳ್ಳುತ್ತದೆ, ನೀರಿಗೆ ಹೆದರುವುದಿಲ್ಲ, ಚಪ್ಪಲಿಯೂ ಬೇಡ. ಕಡಿಮೆ ಬೆಲೆಗಿಂತ ನನಗೆ ದೊಡ್ಡದಾಗಿ ಕಾಣುವುದು ಇದೇ. ನಮ್ಮ ನೆಲ ನೋಡಿ ಮಾಡಿದ ಪಾದ ಅದು.

ಆದರೂ ಮೊದಲ ಏಳು ವರ್ಷದಲ್ಲಿ ಈ ಪಾದ ಸಿಕ್ಕಿದ್ದು 59 ಜನಕ್ಕಷ್ಟೇ. 1975ರಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದ ಡಿ.ಆರ್. ಮೆಹ್ತಾ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಕಟ್ಟಿದ ಮೇಲೆ ಕಥೆಯೇ ಬದಲಾಯಿತು. ಪುಕ್ಕಟೆ ಕಾಲು, ಊರೂರಿಗೆ ಶಿಬಿರ. ಪಾದದ ಮೇಲಿನ ಅಲ್ಯೂಮಿನಿಯಂ ಕೊಳವೆಯ ಜಾಗಕ್ಕೆ ನೀರಾವರಿಗೆ ಬಳಸುವಂಥ ಪ್ಲಾಸ್ಟಿಕ್ ಪೈಪ್ ಬಂತು. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು. ನೆಲಬಾಂಬ್‌ಗಳಿಂದ ನರಳಿದ ಅಫ್ಘಾನಿಸ್ತಾನಕ್ಕೂ ಈ ಕಾಲು ಹೋಯಿತು. ಮೊಣಕಾಲಿನ ಮೇಲೆ ಕತ್ತರಿಸಿಕೊಂಡವರಿಗಾಗಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೊತೆ ಸೇರಿ ಸಮಿತಿ ಜೈಪುರ ಮೊಣಕಾಲನ್ನೂ ಮಾಡಿತು.

ಕಾಲು ಕೊಟ್ಟಲ್ಲಿಗೆ ಕೆಲಸ ಮುಗಿಯುವುದಿಲ್ಲ. ಉಳಿದ ಮೊಂಡುಗಾಲು ಮೊದಲ ತಿಂಗಳುಗಳಲ್ಲಿ ಸೊರಗುತ್ತದೆ. ಅದು ಕೂರುವ ಸಾಕೆಟ್ ಸಡಿಲವಾಗುತ್ತದೆ, ಚರ್ಮ ಉಜ್ಜಿ ಹುಣ್ಣಾಗುತ್ತದೆ. ಮಕ್ಕಳಿಗಂತೂ ಬೆಳೆದ ಹಾಗೆಲ್ಲ ಹೊಸದೇ ಬೇಕು. ಶಿಬಿರ ಮುಗಿದ ಮೇಲೆ ಯಾರ ಹತ್ತಿರ ಹೋಗುವುದು? ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ರೈಲಿಲ್ಲ. ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಹೀಗಾಗಿ ಒಳ್ಳೆಯ ಕಾಲೂ ಒಂದು ಸಣ್ಣ ರಿಪೇರಿ ಸಿಗದೆ ಸುಮ್ನೆ ಅಟ್ಟ ಸೇರಬಹುದು.

ತಿಂಗಳಿಗೊಂದು ದಿನ ವಿರಾಜಪೇಟೆ, ಸೋಮವಾರಪೇಟೆಯ ಆಸ್ಪತ್ರೆಗಳಲ್ಲಿ ಒಬ್ಬ ತಂತ್ರಜ್ಞ ಕೂರಲಿ. ಜೂನ್ ಮಳೆ ಶುರುವಾಗುವ ಮೊದಲು ಎಲ್ಲರ ಸಾಕೆಟ್ಟನ್ನೂ ಒಮ್ಮೆ ನೋಡಿಕೊಡಲಿ.